ಕಿರುವ್ಯಾಪಾರದಲ್ಲಿ ಜಾಲತಾಣ ಪ್ರಮಾಣ: ಹಬ್ಬುವಾಡ ಪ್ರಕರಣ

ಅಂಗಡಿ ತೆರೆದಿದೆಯೋ, ಮುಚ್ಚಿದೆಯೋ ಎಂಬುದೇ ಕಿರುವ್ಯಾಪಾರ ಶಾಸ್ತ್ರದ ಮೂಲ ಜಿಜ್ಞಾಸೆ. ಬೆಲೆ, ಗುಣಮಟ್ಟ, ಉದ್ರಿ ಮೊದಲಾದವು ಅದಕ್ಕೆ ಅಧೀನವಾದ ಉಪಪ್ರಶ್ನೆಗಳು. ಕಾರವಾರ ನಗರದ ಹಬ್ಬುವಾಡ ಈ ಅಧ್ಯಯನಕ್ಕೆ ತಕ್ಕ ಕ್ಷೇತ್ರ. ಟೇಲರ್, ಹಿಟ್ಟಿನ ಗಿರಣಿ, ಮಿಕ್ಸರ್ ರಿಪೇರಿ, ಖಾನಾವಳಿ ಇತ್ಯಾದಿ ಉದ್ಯಮಗಳಿಗೆಲ್ಲ ಸಮಾನವಾದ ಧರ್ಮ ಒಂದೇ: ಮಧ್ಯಾಹ್ನದ ಮೀನೂಟ, ತದನಂತರದ ನಿದ್ರೆ.

ಅಂಗಡಿ ತೆರೆದಿದೆಯೇ ಎಂದು ತಿಳಿಯಲು ನ್ಯಾಯದರ್ಶನ ಒಪ್ಪುವ ಪ್ರಮಾಣಗಳು, ಅಂದರೆ ಅರಿವಿನ ಸಾಧನಗಳು, ನಾಲ್ಕು. ಪ್ರತ್ಯಕ್ಷವೆಂದರೆ ಹೋಗಿ ನೋಡುವುದು. ಜುಲೈ ತಿಂಗಳ ಕಾರವಾರದಲ್ಲಿ ಈ ಪ್ರಮಾಣಕ್ಕೆ ಛತ್ರಿ ಬೇಕು, ಗಾಳಿ ಬಂದರೆ ಎರಡನೆಯ ಛತ್ರಿಯೂ ಬೇಕು. ಅನುಮಾನ ಸ್ವಲ್ಪ ಸೂಕ್ಷ್ಮ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂದು ತಿಳಿಯುವಂತೆ, ಅಂಗಡಿ ಮುಂದೆ ಸ್ಕೂಟರ್ ಕಂಡರೆ ಮಾಲೀಕರು ಒಳಗಿದ್ದಾರೆಂದು ತಿಳಿಯಬೇಕು. ಆದರೆ ಸ್ಕೂಟರ್ ಕಿಕ್ ಹೊಡೆದರೂ ಏಳದೆ ಮೊನ್ನೆಯಿಂದ ಅಲ್ಲೇ ನಿಂತಿರುವ ಸಂದರ್ಭದಲ್ಲಿ ಹೇತು ಕೆಡುತ್ತದೆ. ತಾರ್ಕಿಕರು ಇದನ್ನು ಸವ್ಯಭಿಚಾರ ಎನ್ನುತ್ತಾರೆ, ಮೆಕ್ಯಾನಿಕ್ ಕಾರ್ಬ್ಯುರೇಟರ್ ಎನ್ನುತ್ತಾನೆ. ಅರ್ಧ ಎಳೆದ ಶಟರಿನ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಪಕ್ಕದ ಅಂಗಡಿ ಮುಚ್ಚಿದ್ದರಿಂದ ಇದೂ ಮುಚ್ಚಿದೆಯೆಂದು ತಿಳಿಯುವುದು ಉಪಮಾನ, ಅದು ದುರ್ಬಲ. ಕೊನೆಯದು ಶಬ್ದ, ಅಂದರೆ ಆಪ್ತರ ಮಾತು. ಎದುರಿನ ಪಾನಂಗಡಿಯಿಂದ ಹೊರಡುವ "ಈಗ ಬರ್ತ್ರು" ಎಂಬ ವಾಕ್ಯ ಈ ವರ್ಗಕ್ಕೆ ಸೇರಿದ್ದು. ಇಲ್ಲಿ "ಈಗ" ಎಂಬ ಕಾಲಮಾನಕ್ಕೆ ಕೆಳಮಿತಿ ಐದು ನಿಮಿಷ, ಮೇಲ್ಮಿತಿ ಇಲ್ಲ.

ಜಾಲತಾಣ ಈ ಶಬ್ದಪ್ರಮಾಣದ್ದೇ ಪ್ರಭೇದ. ಅಂಗಡಿಯವರ ಮಾತನ್ನು ಅವರು ಮಲಗಿರುವಾಗಲೂ ಆಡುವುದೇ ಅದರ ಲಕ್ಷಣ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಸೋಂದೆಯ ಕಾಳುಮೆಣಸಿನ ಕೀರ್ತಿ ಕೇಳಿ ಇಂಗ್ಲೆಂಡಿನ ಕೋರ್ಟೀನ್ ಕಂಪನಿಯವರು 1638ರಲ್ಲೇ ಹಡಗು ಹತ್ತಿ ಬಂದು ಕಾರವಾರದಲ್ಲಿ ಕೋಠಿ ತೆರೆದರು. ಸರಕು ಒಳ್ಳೆಯದಿದ್ದರೆ ಗಿರಾಕಿ ಏಳು ಸಮುದ್ರ ದಾಟಿ ಬರುತ್ತಾನೆ, ಜಾಲತಾಣವೇಕೆ ಎಂದು. ವಾದ ಗಟ್ಟಿಯಾಗಿಯೇ ಇದೆ. ಆದರೆ ಆ ಗಿರಾಕಿ ತಿಂಗಳುಗಟ್ಟಲೆ ಸಮುದ್ರದ ಮೇಲಿರಲು ಸಿದ್ಧನಾಗಿದ್ದ; ಈಗಿನವನು ಎರಡನೇ ಕ್ರಾಸಿಗೂ ತಿರುಗಲು ಸಿದ್ಧನಿಲ್ಲ. ಕೈಗಾ ಅಣುಸ್ಥಾವರಕ್ಕೂ, 2005ರಲ್ಲಿ ಕಾರ್ಯಾರಂಭವಾದ ಐಎನ್ಎಸ್ ಕದಂಬ ನೌಕಾನೆಲೆಗೂ ವರ್ಗವಾಗಿ ಬರುವ ಕುಟುಂಬಗಳಿಗೆ ಪಾನಂಗಡಿಯ ಆಪ್ತರು ಗೊತ್ತಿಲ್ಲ. ಬ್ಲೌಸ್ ಹೊಲಿಸಬೇಕಾದವರು ಫೋನನ್ನು ಕೇಳುತ್ತಾರೆ. ಓಣಿಯ ಟೇಲರ್ ಅದಕ್ಕೆ ಸಿಗದಿದ್ದರೆ ಅದು ಯಾವ ಸಂಕೋಚವೂ ಇಲ್ಲದೆ ಮಡಗಾಂವಿನ ದಾರಿ ತೋರಿಸುತ್ತದೆ.

ಜಾಲತಾಣದಲ್ಲಿ ಇರಬೇಕಾದ್ದು ಕಡಿಮೆ: ಹೆಸರು, ಗುರುತು, ವೇಳೆ, ವಾರದ ರಜೆ, ಎತ್ತುವ ಫೋನಿನ ಸಂಖ್ಯೆ. ಇರುವುದು ಬೇರೆ. ಹಿಟ್ಟಿನ ಗಿರಣಿಯೊಂದಕ್ಕೆ "ನಮ್ಮ ದೂರದೃಷ್ಟಿ" ಎಂಬ ಪುಟ ಇದ್ದು, ರಾಗಿ ಬೀಸುವ ದರ ಇರದಿದ್ದರೆ ಅಂಥದ್ದನ್ನು ಶಾಸ್ತ್ರ ಅಲಂಕಾರದೋಷವೆಂದು ಗಣಿಸುತ್ತದೆ. ಖಾನಾವಳಿಗೆ ಋತುಜ್ಞಾನವೂ ಅಗತ್ಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಅವಧಿಯಲ್ಲೂ ಪರದೆಯ ಮೇಲೆ ಇಸವಣದ ತುಂಡು ಹೊಳೆಯುತ್ತಿದ್ದರೆ, ಅದನ್ನು ನಂಬಿ ಹುಬ್ಬಳ್ಳಿಯಿಂದ ಘಟ್ಟವಿಳಿದು ಬಂದವನು ಒಣಮೀನಿನ ಮುಂದೆ ಕೂತು ಆಡುವ ಮಾತು ಶಬ್ದಪ್ರಮಾಣದಲ್ಲಿ ಬರುವುದಿಲ್ಲ.

ಜಾಲತಾಣದ ಪ್ರಯೋಜನ ನಿರ್ವಿವಾದವಾಗಿ ಸಿದ್ಧಿಸುವುದು ನೆರೆಯ ಅಂಕೋಲೆಯಲ್ಲಿ. ಅಲ್ಲಿನ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಬಿಳಿ ಇಶಾಡಕ್ಕಿಂತ ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಹಣ್ಣಾದ ಮೇಲೆ ಕಾಯುವ ತಾಳ್ಮೆ ಮಾತ್ರ ಕಡಿಮೆ. ಬೆಂಗಳೂರಿನ ಗಿರಾಕಿಗೆ ಬಾಯಿಂದ ಬಾಯಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹಣ್ಣು ಕೊಳೆತಿರುತ್ತದೆ. ಕೊಯ್ಲಿಗೆ ಮೊದಲೇ ಬುಕಿಂಗ್ ತೆರೆದಿಟ್ಟರೆ, ಹಣ್ಣು ಮರದಲ್ಲಿರುವಾಗಲೇ ವ್ಯಾಪಾರ ಮುಗಿದಿರುತ್ತದೆ. ಹೆದ್ದಾರಿ ಬದಿಯಲ್ಲಿ ಬುಟ್ಟಿ ಇಟ್ಟು ಕೂರುವ ಹಾಲಕ್ಕಿ ಹೆಂಗಸಿನೊಡನೆ ಚೌಕಾಸಿ ಮಾಡುವ ಸುಖ ಇದರಲ್ಲಿಲ್ಲ; ಅದು ನಷ್ಟವೇ ಎಂದು ಒಪ್ಪಬೇಕು.

ಪುಕ್ಕಟೆ ತಾಣಗಳ ವಿಷಯದಲ್ಲಿ ಎಚ್ಚರ ವಿಹಿತ. ಗೂಗಲ್ ತನ್ನ ವ್ಯಾಪಾರ ಪ್ರೊಫೈಲಿನೊಡನೆ ಕೊಡುತ್ತಿದ್ದ ಉಚಿತ ಜಾಲತಾಣಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿತು. ವರ್ಷಕ್ಕೊಮ್ಮೆ ಹಣ ಕಟ್ಟಿ ಸ್ವಂತ ಹೆಸರಿನ ವಿಳಾಸ ಇಟ್ಟುಕೊಂಡವರಿಗೆ ಈ ಬಾಧೆ ತಟ್ಟಲಿಲ್ಲ.

ಉಳಿಯುವುದು ಪರಿಷ್ಕರಣೆಯ ಪ್ರಶ್ನೆ. ತಾಣವನ್ನು ತಿದ್ದುವ ಅಧಿಕಾರ ಸಾಮಾನ್ಯವಾಗಿ ಬೆಂಗಳೂರಿನಲ್ಲಿರುವ ಅಳಿಯನಲ್ಲಿ ನಿಹಿತವಾಗಿದ್ದು, ಅಳಿಯ ಚೌತಿಗೆ ಮಾತ್ರ ಬರುವುದರಿಂದ ದರಪಟ್ಟಿ ವರ್ಷಕ್ಕೊಮ್ಮೆ ಗಣಪತಿಯೊಡನೆ ಬದಲಾಗುತ್ತದೆ. ಆದ್ದರಿಂದ ಪಾಸ್‌ವರ್ಡನ್ನು ಉದ್ರಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡತಕ್ಕದ್ದು. ಆ ಪುಸ್ತಕ ಕಳೆದುಹೋದ ದೃಷ್ಟಾಂತ ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ.