ಎದೆಮಟ್ಟದ ನೀರು

ಸಂಧಿವಾತಕ್ಕೆ ಜಲಚಿಕಿತ್ಸೆಯಷ್ಟು ನಿರಪಾಯವಾದ ಉಪಚಾರ ಮತ್ತೊಂದಿಲ್ಲವೆಂದು ಸಾರಿ, ನಿತ್ಯವೂ ಎದೆಮಟ್ಟದ ಬೆಚ್ಚನೆಯ ನೀರಿನಲ್ಲಿ ನಿಂತು ಮೊಣಕಾಲನ್ನು ಮಡಚಿ ಚಾಚಬೇಕೆಂದು ವಿಧಿಸಿದ ವೈದ್ಯರು, ತಮ್ಮೆದುರಿನ ರೋಗಿ ನವಲಗುಂದದ ಸೀಮೆಯವನೆಂಬುದನ್ನು ಮರೆತಿದ್ದರೆಂದು ತೋರುತ್ತದೆ. ಬಾವಿ ತೋಡಿದರೆ ಸವುಳು ನೀರು. ಕುಡಿಯುವುದಕ್ಕೆ ನೀಲಮ್ಮನ ಕೆರೆ, ಬೆಳೆಗೆ ಮಲಪ್ರಭೆಯ ಕಾಲುವೆ. ಆ ಕಾಲುವೆಯ ಕರದ ಸಲುವಾಗಿ 1980ರಲ್ಲಿ ರೈತರು ಬಂಡೆದ್ದುದು, ತರುವಾಯ ಮಹದಾಯಿ ನದಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತುದು, ಇಷ್ಟೆಲ್ಲ ನಡೆದ ನಾಡಿನಲ್ಲಿ ಒಬ್ಬನ ಎರಡು ಮೊಣಕಾಲುಗಳಿಗಾಗಿ ಎದೆಮಟ್ಟದ ನೀರೆಂದರೆ ರಾಜಭೋಗವೇ ಸರಿ. ಬೆಣ್ಣಿಹಳ್ಳವಿದೆಯಲ್ಲ ಎನ್ನಬಹುದು. ಅದು ಬೇಸಗೆಯಲ್ಲಿ ಪಾದವನ್ನು ತೋಯಿಸದು. ಮಳೆಗಾಲದಲ್ಲಿ ಎದೆಮಟ್ಟಕ್ಕೆ ನಿಲ್ಲೆಂದರೆ ನಿಲ್ಲದೆ, ರೋಗದೊಡನೆ ರೋಗಿಯನ್ನೂ ಮಲಪ್ರಭೆಗೆ ಮುಟ್ಟಿಸಿಬಿಡುತ್ತದೆ.

ತತ್ತ್ವವೇನೋ ಸುಳ್ಳಲ್ಲ. ಸೊಂಟಮಟ್ಟದ ನೀರಿನಲ್ಲಿಯೇ ದೇಹಭಾರದ ಸುಮಾರು ಅರ್ಧವನ್ನು ನೀರು ಹೊರುವುದರಿಂದ, ನೆಲದ ಮೇಲೆ ಒಲ್ಲೆನೆಂದು ಹಟ ಹಿಡಿದ ಕೀಲುಗಳು ಅಲ್ಲಿ ಚಲನೆಗೆ ಒಪ್ಪುತ್ತವೆ. ಬಿಸುಪಿನಿಂದ ಸ್ನಾಯುಗಳ ಬಿಗುವು ಸಡಿಲುತ್ತದೆ. ಸವೆದ ಮೃದ್ವಸ್ಥಿ ಮರಳಿ ಬೆಳೆಯದಿದ್ದರೂ ನೋವು ತಗ್ಗುತ್ತದೆ. 1886ರಲ್ಲಿ ‘ನನ್ನ ಜಲಚಿಕಿತ್ಸೆ’ ಎಂಬ ಗ್ರಂಥವನ್ನು ಪ್ರಕಟಿಸಿದ ಜರ್ಮನಿಯ ಪಾದ್ರಿ ಸೆಬಾಸ್ಟಿಯನ್ ಕ್ನೈಪ್, ಕೊರೆಯುವ ಡಾನ್ಯೂಬ್ ನದಿಯಲ್ಲಿ ಮುಳುಗೆದ್ದು ತನ್ನ ಕ್ಷಯ ಕಳೆಯಿತೆಂದು ನಂಬಿದ್ದವನು. ಡಾನ್ಯೂಬ್ ಸಮೀಪದಲ್ಲಿರುವವರಿಗೆ ಇಂತಹ ಶಾಸ್ತ್ರ ಹೊಳೆಯುವುದು ಸಹಜ. ಗಾಂಧೀಜಿಯವರು ಇನ್ನೊಬ್ಬ ಜಲಚಿಕಿತ್ಸಕ ಲೂಯಿ ಕೂನೆಯ ಕಟಿಸ್ನಾನದ ಜೊತೆಗೆ ಮಣ್ಣಿನ ಪಟ್ಟಿಯನ್ನೂ ಮೆಚ್ಚಿದ್ದರು. ನಮಗೆ ಇಷ್ಟೊಂದು ಎರೆಮಣ್ಣನ್ನು ದಯಪಾಲಿಸಿದ ದೈವವು ಅದನ್ನು ಕಲಸುವ ನೀರನ್ನು ಮಾತ್ರ ಮರೆತಿತು.

ಕಡೆಗೆ ಮನೆಯ ಬಚ್ಚಲೇ ಚಿಕಿತ್ಸಾಲಯವಾಯಿತು. ಔಡಲ ಎಣ್ಣೆ ತಿಕ್ಕಿದ ಮೊಣಕಾಲಿನ ಮೇಲೆ, ಲಕ್ಕಿಯ ತಪ್ಪಲು ಹಾಕಿ ಕುದಿಸಿದ ಹಂಡೆಯ ನೀರನ್ನು ಹದಕ್ಕೆ ಆರಿಸಿ, ತಂಬಿಗೆಯಿಂದ ಧಾರೆಗಟ್ಟಿ ಸುರಿಯುವಾಗ ಉಂಟಾಗುವ ಸುಖವನ್ನು ಕ್ನೈಪನ ಗ್ರಂಥವೂ ವರ್ಣಿಸಿರಲಾರದು. ಕಣ್ಣು ಮುಚ್ಚಿ ‘ಹಾ’ ಎಂದು ಕುಳಿತಲ್ಲಿ ರಾಜಭೋಗವು ಸಿದ್ಧಿಸಿಯೇ ಬಿಟ್ಟಿತು. ಆದರೆ ಹಂಡೆ ತುಂಬುವಷ್ಟು ಕೊಡಗಳನ್ನು ನಳದಿಂದ ಹೊತ್ತು ತರುತ್ತಿದ್ದವಳು ನನ್ನ ಅರ್ಧಾಂಗಿ. ದಿನಗಳು ಕಳೆದಂತೆ ನಾನು ಗುಡಿಯ ಮೆಟ್ಟಿಲನ್ನು ನಿರಾಯಾಸವಾಗಿ ಏರತೊಡಗಿದೆ. ಅವಳು ಗೋಡೆ ಹಿಡಿದು ಏಳತೊಡಗಿದಳು.

“ನಿಮ್ಮ ಮಣಕಾಲ ಬ್ಯಾನಿ ಹೋತಂತ ಭಾಳ ಹಿಗ್ಗಬ್ಯಾಡ್ರಿ,” ಎಂದಳು ಒಂದು ದಿನ, “ಅದೇನ್ ಊರು ಬಿಟ್ಟು ಹೋಗಿಲ್ಲ. ನನ್ನ ಮಣಕಾಲಿಗೆ ಬಂದು ಕುಂತೈತಿ.”

ಮರುದಿನದಿಂದ ಕೊಡವು ನನ್ನ ಹೆಗಲಿಗೆ ಬಂದಿತು. ನೀರಿನೊಡನೆ ವ್ಯಾಯಾಮವೂ ಅವಶ್ಯವೆಂದು ವೈದ್ಯರು ಮೊದಲೇ ವಿಧಿಸಿದ್ದರಷ್ಟೆ.