‘ಗೊತ್ತಿಲ್ಲ ಅನ್ನಲಿಕ್ಕೂ ನನ್ನಲ್ಲೊಂದು ಗುರುತಿದೆ’: ಕಿಗ್ಗದಲ್ಲಿ ಆರ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಶೃಂಗೇರಿ ತಾಲ್ಲೂಕಿನ ಕಿಗ್ಗಕ್ಕೆ ಮಳೆ ನೋಡಲು ಬರುವವರಿದ್ದಾರೆ, ಮಳೆ ಬೇಡಲು ಬರುವವರಿದ್ದಾರೆ, ಸಾಕು ನಿಲ್ಲಿಸಪ್ಪಾ ಎಂದು ಕೈಮುಗಿಯಲು ಬರುವವರೂ ಇದ್ದಾರೆ. ಮಳೆಯ ಲೆಕ್ಕ ಹಾಕಲು ಬರುವವರು ಅಪರೂಪ. ಅಂಥವರೊಬ್ಬರು ಈ ಆಷಾಢದಲ್ಲಿ ಇಲ್ಲಿ ಠಿಕಾಣಿ ಹೂಡಿದ್ದಾರೆಂದು ತಿಳಿದು ಹುಡುಕಿಕೊಂಡು ಹೋದೆವು. ಹೆಸರು: ಆರ್. ರೂಪ: ಕಂಪ್ಯೂಟರ್ ಭಾಷೆ. ಉದ್ಯೋಗ: ಸಂಖ್ಯಾಶಾಸ್ತ್ರ. ಸಂಬಳ: ಇಲ್ಲ. ವಿಳಾಸ: ಅಡಿಕೆಯ ಎಲೆಚುಕ್ಕಿ ರೋಗಕ್ಕೂ ಮಳೆಗೂ ಇರುವ ನಂಟಿನ ಮೇಲೆ ಪಿಎಚ್‌ಡಿ ಬರೆಯುತ್ತಿರುವ ಹುಡುಗಿಯೊಬ್ಬಳ ಹಳೇ ಲ್ಯಾಪ್‌ಟಾಪ್.

ನಾವು: ಮೊದಲು ನಿಮ್ಮ ಊರು, ಗೋತ್ರ ಹೇಳಿ.

ಆರ್: ಹುಟ್ಟೂರು ನ್ಯೂಜಿಲೆಂಡಿನ ಆಕ್ಲೆಂಡ್. ಅಲ್ಲಿನ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಮೇಷ್ಟ್ರು ನನ್ನನ್ನು ಕಟ್ಟಿದರು. ಗೋತ್ರ ಕೇಳಿದರೆ ‘ಎಸ್’. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ ಶುರು ಮಾಡಿದ ಭಾಷೆ ಅದು. ಹೊರಗಿನವರು ನನ್ನ ಮುಖ ನೋಡಿದ್ದು 1993ರಲ್ಲಿ. 1.0.0 ಅಂತ ನಂಬರು ಬಿದ್ದದ್ದು 2000ದ ಫೆಬ್ರುವರಿ 29ರಂದು. ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ. ಆದಾಯ ಇಲ್ಲದವರಿಗೆ ಅದೇ ಅನುಕೂಲ.

ನಾವು: ಆದಾಯ ಇಲ್ಲದೆ ಏನು? ಮಾರಿದ್ದರೆ ಕೋಟಿಗಟ್ಟಲೆ ಬರುತ್ತಿತ್ತು. ನಿಮ್ಮ ಸರೀಕರು ವರ್ಷಕ್ಕಿಷ್ಟು ಅಂತ ವಸೂಲಿ ಮಾಡುತ್ತಾರಲ್ಲ?

ಆರ್: 1995ರಲ್ಲಿ ನನ್ನನ್ನು ಜಿಪಿಎಲ್ ಎಂಬ ಪರವಾನಗಿಯಡಿ ಊರಿಗೆಲ್ಲ ಬಿಟ್ಟುಕೊಟ್ಟರು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವರು ಮುಂದಿನವರಿಗೂ ಅದೇ ಹಕ್ಕು ಕೊಡಬೇಕು, ಅಷ್ಟೇ. ಪುಕ್ಕಟೆ ಅನ್ನುವುದು ಅದರಲ್ಲಿ ಸಣ್ಣ ವಿಷಯ. ಬಿಚ್ಚಿ ನೋಡಬಹುದು ಅನ್ನುವುದೇ ದೊಡ್ಡದು. ನಾನೊಂದು ಉತ್ತರ ಕೊಟ್ಟರೆ, ಅದು ಹೇಗೆ ಬಂತು ಅಂತ ಸಾಲು ಸಾಲಾಗಿ ಓದಬಹುದು. ‘ನಾನು ಹೇಳ್ತೇನೆ, ನಂಬಿ’ ಅನ್ನುವ ಮಾತು ಭಾಷಣಕ್ಕೆ ಸರಿ, ವಿಜ್ಞಾನಕ್ಕೆ ಆಗುವುದಿಲ್ಲ.

ನಾವು: ಸಂಬಳವಿಲ್ಲದೆ ಇಷ್ಟೆಲ್ಲ ಕೆಲಸ ಯಾರು ಮಾಡುತ್ತಾರೆ?

ಆರ್: ನಿಮ್ಮ ಮಲೆನಾಡಿನಲ್ಲಿ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿಮ್ಮ ಗದ್ದೆ ನೆಟ್ಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ನನ್ನ ಸಂಸಾರ ನಡೆಯುವುದು ಹಾಗೆ. ಒಬ್ಬರು ತಮ್ಮ ಕೆಲಸಕ್ಕೆಂದು, ನನಗೆ ಹೊಸ ಲೆಕ್ಕ ಕಲಿಸುವ ಒಂದು ಪ್ಯಾಕೇಜು ಬರೆಯುತ್ತಾರೆ, ಬರೆದದ್ದನ್ನು ಎಲ್ಲರಿಗೂ ಇಡುತ್ತಾರೆ. 1997ರಲ್ಲಿ ವಿಯೆನ್ನಾದಲ್ಲಿ ಕುರ್ಟ್ ಹಾರ್ನಿಕ್ ಮತ್ತು ಫ್ರಿಟ್ಸ್ ಲೈಶ್ ಇದಕ್ಕೆಂದೇ ‘ಕ್ರಾನ್’ ಎಂಬ ಭಂಡಾರ ತೆರೆದರು. ಈಗ ಅಲ್ಲಿ 20 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಕೃಷಿ ಪ್ರಯೋಗಗಳ ಲೆಕ್ಕಕ್ಕೆ ‘ಅಗ್ರಿಕೋಲೇ’ ಬರೆದವರು ಪೆರು ದೇಶದವರು. ನಕ್ಷೆ ಬಿಡಿಸುವ ‘ಲ್ಯಾಟಿಸ್’ ಬರೆದ ದೀಪಾಯನ್ ಸರ್ಕಾರ್ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು.

ನಾವು: ವ್ಯವಸ್ಥೆ ಚೆನ್ನಾಗಿದೆ.

ಆರ್: ಕೇಳಲಿಕ್ಕೆ ಚೆನ್ನಾಗಿದೆ. ಮುಯ್ಯಿಗೆ ಕರೆಯುವವರು ಲಕ್ಷಾಂತರ, ತೀರಿಸುವವರು ಬೆರಳೆಣಿಕೆ. ಪ್ಯಾಕೇಜಿನ ಯಜಮಾನರಿಗೆ ಕಳಿಸಿದ ಇಮೇಲು ತಲುಪದೆ ವಾಪಸ್ ಬಂತೋ, ಭಂಡಾರದವರು ಆ ಪ್ಯಾಕೇಜನ್ನು ಪಟ್ಟಿಯಿಂದ ತೆಗೆದು ಆರ್ಕೈವಿಗೆ ಹಾಕುತ್ತಾರೆ. ಅದನ್ನು ನಂಬಿ ಸಾಲು ಸಾಲು ಪ್ರಬಂಧ ಬರೆದವರು ಆಗ ‘ಯಾಕೆ ತೆಗೆದಿರಿ’ ಅಂತ ಗಲಾಟೆ ಎಬ್ಬಿಸುತ್ತಾರೆ. ‘ಇನ್ನು ಮುಂದೆ ನಾನು ನೋಡಿಕೊಳ್ಳುತ್ತೇನೆ’ ಅನ್ನುವ ಒಂದು ಸ್ವರ ಮಾತ್ರ ಕೇಳುವುದಿಲ್ಲ.

ನಾವು: ಗ್ಯಾರಂಟಿ ಏನಾದರೂ ಕೊಡುತ್ತೀರಾ? ಈಗ ನಮ್ಮ ರಾಜ್ಯದಲ್ಲಿ ಅದಿಲ್ಲದೆ ಏನೂ ನಡೆಯುವುದಿಲ್ಲ.

ಆರ್: ನಿಮ್ಮ ಸರ್ಕಾರದ್ದು ಐದು, ನನ್ನದು ಒಂದೂ ಇಲ್ಲ. ನನ್ನನ್ನು ತೆರೆದ ಕೂಡಲೇ ನಾನು ತೋರಿಸುವ ಮೊದಲ ನಾಲ್ಕು ಸಾಲಿನಲ್ಲೇ ‘ಯಾವ ಖಾತರಿಯೂ ಇಲ್ಲ’ ಅಂತ ದೊಡ್ಡಕ್ಷರದಲ್ಲಿ ಬರೆದಿದೆ. ದುಬಾರಿ ತಂತ್ರಾಂಶದವರ ಕರಾರಿನಲ್ಲೂ ಸಾಮಾನ್ಯವಾಗಿ ಇದೇ ಮಾತು ಇರುತ್ತದೆ. ಅವರದ್ದು ಯಾರೂ ಓದದ ಪುಟದಲ್ಲಿರುತ್ತದೆ, ದುಡ್ಡು ಕಟ್ಟಿದ ಮೇಲೆ.

ನಾವು: ಕಿಗ್ಗದಲ್ಲಿ ಈಗ ಏನು ಕೆಲಸ?

ಆರ್: ಹುಡುಗಿ ತೋಟದ ಮನೆಗಳನ್ನೆಲ್ಲ ಸುತ್ತಿ ಮಳೆ ಪುಸ್ತಕ ಒಟ್ಟುಮಾಡಿದ್ದಾಳೆ. ಕಾಫಿ ತೋಟದವರದ್ದು ಇಂಚು, ಸೆಂಟ್ಸು. ಸರ್ಕಾರದ್ದು ಮಿಲಿಮೀಟರು. ಒಬ್ಬರು ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ ಎಂಟೂವರೆಗೆ ಅಳೆದಿದ್ದಾರೆ. ಇನ್ನೊಬ್ಬರು ತಿಂಡಿಯಾದ ಮೇಲೆ ಅಳೆದಿದ್ದಾರೆ, ತಿಂಡಿ ಎಷ್ಟು ಹೊತ್ತಿಗೆ ಅಂತ ಬರೆದಿಲ್ಲ. ಇಂಚು ದೊಡ್ಡ ತೊಂದರೆಯಲ್ಲ, 25.4ರಿಂದ ಗುಣಿಸಿದರೆ ಮಿಲಿಮೀಟರು ಆಯಿತು. ತೊಂದರೆ ಇರುವುದು ಸೊನ್ನೆಯಲ್ಲಿ.

ನಾವು: ಸೊನ್ನೆಗೇನಾಯ್ತು?

ಆರ್: ಒಂದು ಪುಸ್ತಕದಲ್ಲಿ ಜುಲೈ ನಡುವೆ ಸಾಲಾಗಿ ಸೊನ್ನೆ. ಕಿಗ್ಗದಲ್ಲಿ, ಪುನರ್ವಸು ಮಳೆಯಲ್ಲಿ, ಸೊನ್ನೆ! ವಿಚಾರಿಸಿದರೆ, ಮಳೆ ಹೊಡೆಯುತ್ತಿದ್ದ ರಭಸಕ್ಕೆ ಮಾಪಕದವರೆಗೆ ಹೋಗಲು ಯಾರಿಗೂ ಧೈರ್ಯ ಬರಲಿಲ್ಲವಂತೆ. ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ ಅಂತ ಸೊನ್ನೆ ಹಾಕಿದರು. ವರ್ಷದ ಅತಿ ಜೋರು ಮಳೆಯ ದಿನಗಳು ಲೆಕ್ಕದಲ್ಲಿ ಒಣಹವೆ! ಇಂಥದ್ದಕ್ಕೆ ನನ್ನ ಹತ್ತಿರ ‘ಎನ್‌ಎ’ ಎಂಬ ಗುರುತಿದೆ. ಇಲ್ಲ ಅಂತಲ್ಲ, ಗೊತ್ತಿಲ್ಲ ಅಂತ ಅದರ ಅರ್ಥ. ತಿಂಗಳಲ್ಲಿ ಒಂದೇ ದಿನ ಎನ್‌ಎ ಇದ್ದರೂ, ಸರಾಸರಿ ಕೇಳಿದರೆ ನಾನು ‘ಎನ್‌ಎ’ ಅನ್ನುತ್ತೇನೆ. ಆ ದಿನ ಬಿಟ್ಟು ಲೆಕ್ಕ ಹಾಕು ಅಂತ ನೀವೇ ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ಸ್ಕ್ರಿಪ್ಟಿನಲ್ಲಿ ಉಳಿಯುತ್ತದೆ, ನಾಳೆ ಯಾರು ಬೇಕಾದರೂ ‘ಯಾಕೆ ಬಿಟ್ಟಿರಿ’ ಅಂತ ಕೇಳಬಹುದು.

ನಾವು: ಕಚೇರಿಗಳಲ್ಲಿ ಇದು ನಡೆಯುವುದಿಲ್ಲ. ಕಾಲಂ ಖಾಲಿ ಇದ್ದರೆ ಫೈಲು ವಾಪಸ್.

ಆರ್: ಅದಕ್ಕೇ ಮಾರಾಯ್ರೆ, ಹೊಳೆಯಾಚೆ ಕೊಚ್ಚಿಹೋದ ಕಾಲುಸಂಕಗಳೆಷ್ಟು ಅಂತ ಕೇಳಿದರೆ ‘ಸೊನ್ನೆ’ ಅಂತ ವರದಿ ಬರುವುದು. ಎಣಿಸಲು ಹೋದವರಿಗೆ ಹೊಳೆ ದಾಟಲಿಕ್ಕೆ ಸಂಕವೇ ಇರಲಿಲ್ಲ.

ನಾವು: ಊರಿನವರದ್ದೊಂದು ಅಹವಾಲು. ‘ದಕ್ಷಿಣದ ಚಿರಾಪುಂಜಿ’ ಬಿರುದನ್ನು ಆಗುಂಬೆಯವರು ಹಿಡಿದುಕೊಂಡು ಕೂತಿದ್ದಾರೆ. ನಮ್ಮದೇ ಹೆಚ್ಚು ಅಂತ ಒಂದು ಚೀಟಿ ಬರೆದುಕೊಡಬಹುದಾ?

ಆರ್: ಯಾವ ವರ್ಷದ್ದು, ಯಾವ ಮಾಪಕದ್ದು, ಎಷ್ಟು ದಿನ ಎನ್‌ಎ? ಒಂದು ದಿನದ ದಾಖಲೆ ನೋಡಿದರೆ ಒಂದೂರು ಗೆಲ್ಲಬಹುದು, ಮೂವತ್ತು ವರ್ಷದ ಸರಾಸರಿ ನೋಡಿದರೆ ಇನ್ನೊಂದು. ಗೆಲ್ಲುವವರನ್ನು ಮೊದಲೇ ನಿಶ್ಚಯ ಮಾಡಿ, ಅದಕ್ಕೆ ಒಪ್ಪುವ ಅಳತೆ ಆಮೇಲೆ ಹುಡುಕುವುದಾದರೆ ನನ್ನ ಅಗತ್ಯವೇ ಇಲ್ಲ. ಹಾಗೆ ಹುಡುಕುವವರು ವಿಶ್ವವಿದ್ಯಾಲಯಗಳಲ್ಲೇ ಬೇಕಾದಷ್ಟು ಜನ ಇದ್ದಾರೆ.

ನಾವು: ಹೌದೇ?

ಆರ್: ಫಲಿತಾಂಶ ಬರೀ ಆಕಸ್ಮಿಕವಲ್ಲ ಅನ್ನಲು ದಾಟಬಾರದ 0.05 ಅಂತ ಒಂದು ಗಡಿ ಇದೆ. ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಅನುಕೂಲಕ್ಕೆಂದು ಸೂಚಿಸಿದ ಸಂಖ್ಯೆ. ಮುಂದೆ ಬಂದವರು ಅದನ್ನೇ ಶಾಸನ ಮಾಡಿಕೊಂಡರು. ನಾನು 0.06 ಅಂದರೆ ಮಾರ್ಗದರ್ಶಕರ ಮುಖ ಬಾಡುತ್ತದೆ. ‘ಹನ್ನೆರಡನೇ ತೋಟ ಕೈಬಿಡಿ, ಅಲ್ಲಿ ದನ ನುಗ್ಗಿತ್ತು’ ಅನ್ನುತ್ತಾರೆ. ಸಂಜೆಗೆ 0.04. ದನ ತೋಟಕ್ಕೆ ನುಗ್ಗುವುದು ಯಾವಾಗಲೂ ಉತ್ತರ ಬಂದ ಮೇಲೆಯೇ, ಗಮನಿಸಿದ್ದೀರಾ?

ನಾವು: ಮಳೆದೇವರು ಋಷ್ಯಶೃಂಗೇಶ್ವರನ ಸನ್ನಿಧಿ ಹತ್ತಿರದಲ್ಲೇ ಇದೆ. ಪೂಜೆಗೂ ಮಳೆಗೂ ಸಂಬಂಧ ಉಂಟೋ ಇಲ್ಲವೋ?

ಆರ್: ನನ್ನನ್ನು ಈ ಊರಿನಲ್ಲಿ ಬದುಕಲಿಕ್ಕೆ ಬಿಡುತ್ತೀರೋ ಇಲ್ಲವೋ! ಪುರಾಣದಲ್ಲಿ ಅಂಗದೇಶಕ್ಕೆ ಋಷ್ಯಶೃಂಗರು ಕಾಲಿಟ್ಟೊಡನೆ ಮಳೆ ಬಂತು, ಒಪ್ಪಿದೆ. ಆದರೆ ಮಾದರಿ ಗಾತ್ರ ಒಂದು. 2019ರ ಜೂನ್ 6ರಂದು ಸರ್ಕಾರವೇ ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಪೂಜೆ ಮಾಡಿಸಿತು. ತಡವಾಗಿದ್ದ ಮುಂಗಾರು ಜೂನ್ 8ಕ್ಕೆ ಕೇರಳಕ್ಕೆ ಬಂತು, ಆಗಸ್ಟಿನಲ್ಲಿ ಕರ್ನಾಟಕದಲ್ಲಿ ಪ್ರವಾಹವೂ ಬಂತು. ಲೆಕ್ಕದವರ ಕಷ್ಟ ಏನೆಂದರೆ, ಪೂಜೆ ನಡೆಯುವುದು ಹೇಗೂ ಮಳೆ ಬರಬೇಕಾದ ಕಾಲದಲ್ಲಿ. ಚೀಟಿ ಎತ್ತಿ ಅರ್ಧದಷ್ಟು ತಾಲ್ಲೂಕುಗಳಲ್ಲಿ ಪೂಜೆ, ಇನ್ನರ್ಧದಲ್ಲಿ ಬೇಡ ಅಂದರೆ ಹೋಲಿಸಬಹುದಿತ್ತು. ಬೇಡದ ತಾಲ್ಲೂಕಿನ ಶಾಸಕರು ಸುಮ್ಮನಿರುತ್ತಾರಾ? ಹಾಗಂತ ಕಿಗ್ಗದ ಭಕ್ತರ ಒಂದು ಕ್ರಮ ನನಗೆ ಮೆಚ್ಚುಗೆ. ಬರಲಿ ಅಂತಲೂ ಇಲ್ಲೇ ಕೇಳುತ್ತಾರೆ, ನಿಲ್ಲಲಿ ಅಂತಲೂ ಇಲ್ಲೇ ಕೇಳುತ್ತಾರೆ. ಉತ್ತರ ಎರಡು ಕಡೆಗೂ ಹೋಗಬಹುದು ಅಂತ ಒಪ್ಪಿಕೊಂಡವರು ಸಂಶೋಧಕರಲ್ಲಿ ಕಡಿಮೆ.

ನಾವು: ಅಡಿಕೆ ಬೆಳೆಗಾರರಿಗೆ ನಿಮ್ಮಿಂದ ಏನು ಉಪಕಾರ?

ಆರ್: ಕಲಿಯುವವರಿಗೆಂದು ನನ್ನೊಳಗೆ 150 ಐರಿಸ್ ಹೂಗಳ ಅಳತೆ ಇಟ್ಟಿದ್ದಾರೆ. ಎಡ್ಗರ್ ಆಂಡರ್ಸನ್ ಕೂಡಿಸಿದ್ದು, ಮೂರರಲ್ಲಿ ಎರಡು ಜಾತಿಯ ಹೂಗಳು ಕೆನಡಾದ ಗ್ಯಾಸ್ಪೆಯವು. 1936ರಲ್ಲಿ ಫಿಶರ್ ಬಳಸಿ ಪ್ರಸಿದ್ಧ ಮಾಡಿದರು. ಕೊಪ್ಪದ ಹುಡುಗರೂ ಆ ಹೂವಿನ ಎಸಳಿನಲ್ಲೇ ಪಾಸಾಗುತ್ತಾರೆ, ಅಡಿಕೆ ಹಿಂಗಾರದ ಅಳತೆಯಲ್ಲಿ ಪಾಠ ಕಲಿತವರು ನನಗಂತೂ ಸಿಕ್ಕಿಲ್ಲ. ಕೆನಡಾದಿಂದ ನಿಮಗೆ ಬಂದದ್ದರಲ್ಲಿ ಹೆಚ್ಚು ಉಪಯೋಗಕ್ಕೆ ಬಿದ್ದವರು ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಕೊಳೆರೋಗದ ಬೆನ್ನು ಹತ್ತಿ, ಅಡಿಕೆ ಕೊನೆಗೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಸಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ಹಿಂದೆ ಇದ್ದವರೂ ಅವರೇ.

ನಾವು: ಎಲೆಚುಕ್ಕಿಗೆ ಯಾವ ಔಷಧಿ ಒಳ್ಳೆಯದು, ಅದನ್ನು ಹೇಳಿ.

ಆರ್: ಎಲ್ಲರೂ ಕೇಳುವುದು ಅದನ್ನೇ. ‘ಹತ್ತು ಮರಕ್ಕೆ ಏನೂ ಹೊಡೆಯದೆ ಬಿಡಿ, ಹೋಲಿಸಿ ಹೇಳ್ತೇನೆ’ ಅಂದರೆ, ‘ನಿಮ್ಮಪ್ಪನ ತೋಟವಾ?’ ಅನ್ನುತ್ತಾರೆ. ಅವರದ್ದೂ ತಪ್ಪಲ್ಲ, ಹೋದ ಫಸಲಿಗೆ ನಾನು ಪರಿಹಾರ ಕೊಡುವುದಿಲ್ಲ. ಆದರೆ ಅಂಗಡಿಯವರು ‘ಇದು ಹೊಡೆದ ಮೇಲೆ ಕಡಿಮೆ ಆಯ್ತು’ ಅಂದರೆ ಡಬ್ಬಿ ಹೊತ್ತುಕೊಂಡು ಬರುತ್ತಾರೆ. ಕಡಿಮೆಯಾದದ್ದು ಔಷಧಿಯಿಂದಲೋ, ಆ ವಾರ ಮಳೆ ಬಿಡುವು ಕೊಟ್ಟದ್ದರಿಂದಲೋ ಅಂತ ಕೇಳಿದರೆ ನಾನು ಅಪಶಕುನ.

ನಾವು: ಇಷ್ಟೆಲ್ಲ ರಗಳೆ ಯಾಕೆ? ಎಕ್ಸೆಲ್ ಇದೆಯಲ್ಲ.

ಆರ್: ಕೂಲಿ ಲೆಕ್ಕಕ್ಕೆ ಚೆನ್ನಾಗಿದೆ. ‘ಮಾರ್ಚ್1’ ಅಂತ ಹೆಸರಿದ್ದ ಜೀನನ್ನು ಅದು ತಾರೀಕು ಅಂದುಕೊಂಡು ತಿದ್ದಿಬಿಡುತ್ತಿತ್ತು. ಹೇಳಿ ಹೇಳಿ ಸಾಕಾಗಿ 2020ರ ಹೊತ್ತಿಗೆ ಮನುಷ್ಯರ ಅಂಥ ಜೀನುಗಳ ಹೆಸರನ್ನೇ ಬದಲಿಸಿದರು. ಇನ್ನೊಂದು ಕೇಳಿ. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೊಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ದೇಶಗಳ ಸಾಲದ ಮೇಲೆ 2010ರಲ್ಲಿ ಬರೆದ ಪ್ರಬಂಧದಲ್ಲಿ ಒಂದು ಸರಾಸರಿಯಿಂದ ಐದು ದೇಶಗಳು ಬಿಟ್ಟುಹೋಗಿದ್ದವು. 2013ರಲ್ಲಿ ಥಾಮಸ್ ಹೆರ್ನ್‌ಡನ್ ಎಂಬ ವಿದ್ಯಾರ್ಥಿ ಅವರಿಂದಲೇ ಎಕ್ಸೆಲ್ ಶೀಟು ತರಿಸಿಕೊಂಡು ನೋಡಿದಾಗ ಅದು ಬಯಲಾಯ್ತು. ನನ್ನಲ್ಲೂ ತಪ್ಪು ಲೆಕ್ಕ ಹಾಕಬಹುದು, ಧಾರಾಳವಾಗಿ ಹಾಕುತ್ತಾರೆ. ಆದರೆ ಮಾಡಿದ್ದು ಬರಹದಲ್ಲಿರುತ್ತದೆ, ಹುಡುಕುವವರಿಗೆ ಸಿಗುತ್ತದೆ.

ನಾವು: ಕನ್ನಡನಾಡಿಗೂ ನಿಮಗೂ ಏನಾದರೂ ನಂಟು?

ಆರ್: ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಎಷ್ಟೇ ಜಾಣತನದ ವಿಧಾನ ಹುಡುಕಿದರೂ ಅಂದಾಜಿನ ಅನಿಶ್ಚಿತತೆ ಒಂದು ಮಿತಿಗಿಂತ ಕೆಳಗೆ ಇಳಿಯುವುದಿಲ್ಲ ಅಂತ 1945ರಲ್ಲೇ ತೋರಿಸಿಕೊಟ್ಟರು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ವರ್ಷದ ಆಗಸ್ಟಿನಲ್ಲಿ ತೀರಿಕೊಂಡರು. ಅನುಮಾನಕ್ಕೂ ಒಂದು ಲೆಕ್ಕ ಇದೆ ಅಂತ ಕಲಿಸಿದವರ ನಾಡು ನಿಮ್ಮದು. ಇಲ್ಲಿನ ಟಿವಿ ಚರ್ಚೆ ನೋಡಿದರೆ ಗೊತ್ತಾಗುವುದಿಲ್ಲ.

ನಾವು: ನಿಮಗೆ ಸಂಭಾವನೆ ಏನು ಕೊಡೋಣ?

ಆರ್: ದುಡ್ಡು ಬೇಡ. ಪ್ರಬಂಧದ ಕೊನೆಯಲ್ಲಿ ನನ್ನ ಹೆಸರು, ಬಳಸಿದ ಪ್ಯಾಕೇಜುಗಳ ಹೆಸರು ಒಂದೊಂದು ಸಾಲು ಹಾಕಿದರೆ ಸಾಕು. ಹೇಗೆ ಹಾಕಬೇಕು ಅಂತ ಕೇಳಿದರೆ ಆ ಸಾಲನ್ನೂ ನಾನೇ ಬರೆದುಕೊಡುತ್ತೇನೆ. ಕೃತಜ್ಞತೆಯ ಪುಟದಲ್ಲಿ ಕುಲಪತಿಗಳಿಂದ ಹಿಡಿದು ಬೈಂಡಿಂಗ್ ಅಂಗಡಿಯವರ ತನಕ ಎಲ್ಲರೂ ಇರುತ್ತಾರೆ. ಲೆಕ್ಕ ಹಾಕಿದವನು ಇರುವುದಿಲ್ಲ. ಕೆಲವರಂತೂ ನನ್ನಲ್ಲಿ ಲೆಕ್ಕ ಮಾಡಿಸಿ, ದುಬಾರಿ ತಂತ್ರಾಂಶದ ಹೆಸರು ಬರೆಯುತ್ತಾರೆ, ಅದಾದರೆ ಘನತೆಯಂತೆ. ಅದರ ಕದ್ದ ಪ್ರತಿಯೂ ಅವರ ಹತ್ತಿರ ಇರುವುದಿಲ್ಲ.

ನಾವು: ಬಹಳ ಹೊತ್ತು ತೆಗೆದುಕೊಂಡೆವು. ಹೊರಡುತ್ತೇವೆ.

ಆರ್: ಹೊರಡುವವರನ್ನೆಲ್ಲ ನಾನೊಂದು ಪ್ರಶ್ನೆ ಕೇಳುತ್ತೇನೆ, ನನ್ನ ಪದ್ಧತಿ. ಇಲ್ಲಿಯವರೆಗೆ ಬಂದ ಉತ್ತರಗಳನ್ನೆಲ್ಲ ಉಳಿಸಿಡಬೇಕೆ? ಹೌದು, ಬೇಡ, ರದ್ದು.

ನಾವು: ಹೌದು ಅನ್ನೋಣವೇ?

ಆರ್: ಬೇಡ ಅನ್ನಿ. ಅನುಭವಸ್ಥರೆಲ್ಲ ಬೇಡ ಅಂತಲೇ ಒತ್ತುತ್ತಾರೆ. ಅಳತೆಯ ಪುಸ್ತಕ ಇರಲಿ, ಲೆಕ್ಕ ಮಾಡಿದ ಕ್ರಮ ಇರಲಿ. ಅವೆರಡೂ ನೆಟ್ಟಗಿದ್ದರೆ ಉತ್ತರ ಯಾವಾಗ ಬೇಕಾದರೂ, ಯಾರ ಕೈಯಲ್ಲಾದರೂ ಮತ್ತೆ ಬರುತ್ತದೆ. ಅವಿಲ್ಲದೆ ಉತ್ತರ ಒಂದನ್ನೇ ಉಳಿಸಿಕೊಳ್ಳುವುದಾದರೆ, ಅದಕ್ಕೆ ಮುಜರಾಯಿ, ಕಂದಾಯ, ಕೃಷಿ ಅಂತ ಬೇಕಾದಷ್ಟು ಇಲಾಖೆಗಳಿವೆ.