ಸೋರುವ ಗೋಡೆಯ ತಾಂತ್ರಿಕ ಅನುಕೂಲಗಳು

ಆಗ್ಮೆಂಟೆಡ್ ರಿಯಾಲಿಟಿಯ (ವರ್ಧಿತ ವಾಸ್ತವದ) ಮೂಲಕ ಮಕ್ಕಳಿಗೆ ಸೃಜನಶೀಲ ವಿನ್ಯಾಸ ಕಲಿಸುವುದು ಹೇಗೆಂದು ಸಲಹೆ ಕೇಳಿ ಬರುವ ಸರ್ಕಾರಿ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಿಗೆ ನಾನು ಮೊದಲು ಹೇಳುವುದು ಇಷ್ಟೇ: ದಯವಿಟ್ಟು ಗೋಡೆಗೆ ಸುಣ್ಣ ಹೊಡೆಸಬೇಡಿ.

ಇದಕ್ಕೆ ಶಾಸ್ತ್ರೀಯ ಕಾರಣವಿದೆ. ಟ್ಯಾಬಿನ ಕ್ಯಾಮೆರಾ ಗೋಡೆಯ ಮೇಲಿನ ಚುಕ್ಕೆ, ಗೀರು, ಬಿರುಕುಗಳನ್ನು ಗುರುತು ಇಟ್ಟುಕೊಳ್ಳುತ್ತದೆ. ಟ್ಯಾಬು ಅಲ್ಲಾಡಿದಾಗ ಆ ಗುರುತುಗಳು ಎಷ್ಟು ಸರಿದವೆಂದು ಲೆಕ್ಕ ಹಾಕಿ, ಇಲ್ಲದ ವಸ್ತುವನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಹೊಸ ಸುಣ್ಣದ ಬೋಳು ಗೋಡೆಯಲ್ಲಿ ಹಿಡಿದುಕೊಳ್ಳಲು ಏನೂ ಸಿಗದೆ ವಸ್ತು ತೇಲಾಡುತ್ತದೆ. ಹೊಳೆಯುವ ಗ್ರಾನೈಟ್ ನೆಲವೂ ಹೀಗೇ ಕೈಕೊಡುತ್ತದೆ. ನಾಲ್ಕು ಮಳೆಗಾಲ ಸೋರಿ, ಪಾಚಿ ಕಟ್ಟಿ, ಗಾರೆ ಉದುರಿ, ಹತ್ತನೇ ತರಗತಿಯ ಹಳೆ ಹುಡುಗರು ಕೈವಾರದ ಮುಳ್ಳಿನಿಂದ ಹೆಸರು ಕೆತ್ತಿಹೋದ ಗೋಡೆ ಅಂತರರಾಷ್ಟ್ರೀಯ ಗುಣಮಟ್ಟದ್ದು. ಈ ವಿಷಯದಲ್ಲಿ ಮಲೆನಾಡು ಬಯಲುಸೀಮೆಗಿಂತ ಬಹಳ ಮುಂದಿದೆ. ದುರಸ್ತಿ ಅನುದಾನವನ್ನು ಇಷ್ಟು ವರ್ಷ ತಡೆಹಿಡಿದವರ ದೂರದೃಷ್ಟಿ ಈಗ ಅರ್ಥವಾಗುತ್ತಿದೆ.

ತಂತ್ರಜ್ಞಾನದ ವಂಶಾವಳಿಯೂ ದೊಡ್ಡದೇ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ ತಲೆಗೆ ತೊಡುವ ಯಂತ್ರ ಮಾಡಿದಾಗ ಅದನ್ನು ಚಾವಣಿಯಿಂದ ಇಳಿಬಿಟ್ಟಿದ್ದರು. (ನಮ್ಮ ಚಾವಣಿಗಳು ತಮ್ಮನ್ನು ತಾವೇ ಹೊರಲು ಹೆಣಗುತ್ತಿರುವುದರಿಂದ ಆ ಮಾದರಿಯನ್ನು ಕೈಬಿಟ್ಟಿದ್ದೇವೆ.) ಈಗಿನ ಹೆಸರು ಬಂದದ್ದು 1990ರ ದಶಕದ ಆರಂಭದಲ್ಲಿ, ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಅವರಿಂದ. ವಿಮಾನದ ವೈರು ಜೋಡಿಸುವ ಕೆಲಸಗಾರ ನಕ್ಷೆ ಬಿಟ್ಟು ಆಚೀಚೆ ಹೋಗದಂತೆ ನೋಡಿಕೊಳ್ಳುವುದು ಆಗಿನ ಉದ್ದೇಶ. ಅದರಿಂದಲೇ ಈಗ ಮಕ್ಕಳಿಗೆ ಸ್ವಂತ ಬುದ್ಧಿ ಓಡಿಸುವುದನ್ನು ಕಲಿಸುತ್ತಿದ್ದೇವೆ. ಇದರಲ್ಲಿ ವಿರೋಧಾಭಾಸ ಕಂಡವರು ಅಭಿಪ್ರಾಯ ಫಾರಂನ ‘ಇತರೆ’ ಕಾಲಂ ಭರ್ತಿ ಮಾಡಬಹುದು.

ಮೊದಲ ಪಾಠಕ್ಕೆ ಬೆಂಚನ್ನು ಆರಿಸಿದ್ದೇವೆ, ಏಕೆಂದರೆ ಅದನ್ನು ಇಡಲು ತರಗತಿಯಲ್ಲಿ ಬೇಕಾದಷ್ಟು ಜಾಗವಿದೆ. ಮಕ್ಕಳು ನೆಲದ ಮೇಲೆ ಕುಳಿತು ತಮ್ಮ ಬೆಂಚನ್ನು ತಾವೇ ವಿನ್ಯಾಸ ಮಾಡಿ, ತೇಗವೋ ಬೀಟೆಯೋ ಬೆರಳಲ್ಲಿ ಒತ್ತಿ, ಎದುರಿಗೆ ನಿಲ್ಲಿಸಿ, ಸುತ್ತ ಓಡಾಡಿ ನೋಡಬಹುದು. ಅದರ ಮೇಲೆ ಕೂರಲು ಹೋದ ಹುಡುಗನ ವಿಚಾರವನ್ನು ಎಸ್‌ಡಿಎಂಸಿ ಸಭೆಯಲ್ಲಿ ಬಗೆಹರಿಸಲಾಯಿತು.

ಹುರುಪಿನ ಮಾಪನಕ್ಕೆ ಅಮೆರಿಕದ ಜಾನ್ ಕೆಲ್ಲರ್ ಅವರ ಸೂತ್ರವಿದೆ: ಗಮನ, ಪ್ರಸ್ತುತತೆ, ಆತ್ಮವಿಶ್ವಾಸ, ತೃಪ್ತಿ. ಐವತ್ತು ಮಕ್ಕಳಿಗೆ ಒಂದು ಟ್ಯಾಬು ಕೊಟ್ಟಾಗ ನಾಲ್ಕೂ ಕಾಣುತ್ತವೆ. ಗಮನ ಎಲ್ಲರದು, ಪ್ರಸ್ತುತತೆ ಟ್ಯಾಬು ಹಿಡಿದವನದು, ಆತ್ಮವಿಶ್ವಾಸ ಅದನ್ನು ಕಿತ್ತುಕೊಂಡವನದು. ತೃಪ್ತಿ ಮಾತ್ರ ಬ್ಯಾಟರಿ ಸತ್ತ ಕೂಡಲೇ ಮೇಷ್ಟ್ರಲ್ಲಿ ಕಾಣಿಸಿಕೊಳ್ಳುತ್ತದೆ.

ಒಂದೇ ಒಂದು ಅಡಚಣೆಯನ್ನು ದಾಖಲಿಸಬೇಕು. ತಾಲ್ಲೂಕಿನ ಶಾಲೆಯೊಂದರಲ್ಲಿ ಕಿಟಕಿಯ ಬಿಸಿಲಿಗೆ ಟ್ಯಾಬಿನ ಪರದೆ ಕಾಣುತ್ತಿರಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಅಡುಗೆಕೋಣೆಗೆ ಓಡಿ, ಬಿಸಿಯೂಟದ ಎಣ್ಣೆ ಬಂದ ರಟ್ಟಿನ ಡಬ್ಬ ತಂದಳು. ಎರಡು ಕಡೆ ಸೀಳಿ, ಒಂದು ಮಡಿಕೆ ಒಳಕ್ಕೆ ತಿರುಗಿಸಿ, ಟ್ಯಾಬು ಓರೆಯಾಗಿ ನಿಲ್ಲುವ ಹಾಗೆ ಗೂಡು ಮಾಡಿದಳು. ಮೇಲಿನ ಮುಚ್ಚಳವನ್ನು ಬಿಸಿಲು ತಡೆಯಲು ಮುಂದಕ್ಕೆ ಬಿಟ್ಟಿದ್ದಳು. ಟ್ಯಾಬು ಜಾರದಂತೆ ಹವಾಯಿ ಚಪ್ಪಲಿಯ ತುಂಡನ್ನೂ ಸಿಕ್ಕಿಸಿದ್ದಳು.

‘ಇದನ್ನು ಯಾವ ಆ್ಯಪ್‌ನಲ್ಲಿ ಮಾಡಿದೆಯಮ್ಮಾ?’ ಎಂದು ಕೇಳಿದೆ.

‘ಆ್ಯಪ್ ಇಲ್ಲ ಸಾರ್, ರಟ್ಟು.’

ಆಕೆಗೆ ಬೆಂಚಿನ ವಿನ್ಯಾಸದಲ್ಲಿ ಸೊನ್ನೆ ಬಂದಿದೆ. ಪಾಠದ ವೇಳೆ ವರ್ಧಿತವಲ್ಲದ ವಾಸ್ತವವನ್ನು ಮುಟ್ಟಿದ್ದಕ್ಕೆ ಎಚ್ಚರಿಕೆಯನ್ನೂ ಕೊಡಲಾಗಿದೆ. ರಟ್ಟನ್ನು ನಾನೇ ತಂದಿಟ್ಟುಕೊಂಡೆ. ಮುಂದಿನ ಟೆಂಡರಿನಲ್ಲಿ ಅದು ‘ಸ್ಮಾರ್ಟ್ ಮೌಂಟಿಂಗ್ ಯೂನಿಟ್’ ಎಂಬ ಹೆಸರಿನಲ್ಲಿ ಸೇರಿದ್ದು, ಕಡತ ಸಹಿಗೆ ಹೋಗಿದೆ. ಜಿಎಸ್‌ಟಿ ಪ್ರತ್ಯೇಕ. ಚಪ್ಪಲಿಯ ತುಂಡು ಬಿಡಿಭಾಗಗಳ ಪಟ್ಟಿಯಲ್ಲಿದೆ.